ಟಿಎಸ್‌ಎಚ್ ಕಡಿಮೆ ಇದೆ, ಡಿಎನ್‌ಎ ಟೆಸ್ಟೂ ಮಾಡಿಸಲೇ?

ಪ್ರಶ್ನೆ: ನನಗೆ 41 ವರ್ಷ. ಎರಡು ವರ್ಷದ ಹಿಂದೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಅಂತ ಗ್ರಂಥಿ ಪೂರ್ತಿ ತೆಗೆದು, ರೇಡಿಯೋ ಅಯೋಡಿನ್ ಕೊಟ್ಟರು. ಈಗ ಟಿಎಸ್‌ಎಚ್ 0.3 ಬಂದಿದೆ, ಲ್ಯಾಬಿನವರು ‘ಕಡಿಮೆ’ ಎಂದು ಗುರುತು ಹಾಕಿದ್ದಾರೆ. ತಮ್ಮ ಬೇರೆ, ‘8-ಓಎಚ್‌ಡಿಜಿ ಟೆಸ್ಟ್ ಮಾಡಿಸಕ್ಕ, ಡಿಎನ್‌ಎ ಎಷ್ಟು ಹಾಳಾಗಿದೆ ಗೊತ್ತಾಗುತ್ತೆ’ ಅಂತಿದ್ದಾನೆ. ಮಾಡಿಸಬೇಕಾ ಡಾಕ್ಟ್ರೇ?

ಉತ್ತರ: ಮೊದಲು ಆ ಗುರುತಿನ ಗಾಬರಿ ಬಿಡಿ. ಲ್ಯಾಬಿನ ಯಂತ್ರಕ್ಕೆ ನಿಮ್ಮ ಆಪರೇಷನ್ ವಿಷಯ ಗೊತ್ತಿಲ್ಲ, ಎಲ್ಲರ ಅಳತೆಯನ್ನೇ ನಿಮಗೂ ಹಾಕಿದೆ. ಟಿಎಸ್‌ಎಚ್ ಅಂದರೆ ‘ಬೆಳಿ, ಕೆಲಸ ಮಾಡು’ ಎಂದು ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಅಪ್ಪಣೆ. ಕ್ಯಾನ್ಸರ್ ಕೋಶ ಎಲ್ಲಾದರೂ ಉಳಿದಿದ್ದರೆ ಅದಕ್ಕೂ ಇದು ಕೇಳಿಸುತ್ತದೆ. ಅದಕ್ಕೇ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಸ್ವಲ್ಪ ಜಾಸ್ತಿ ಕೊಟ್ಟು, ಬೇಕಂತಲೇ ಟಿಎಸ್‌ಎಚ್ ತಗ್ಗಿಸುತ್ತೇವೆ. ಕ್ಯಾನ್ಸರ್ ಮರಳುವ ಅಪಾಯ ಹೆಚ್ಚಿದ್ದವರಿಗೆ 0.1ಕ್ಕಿಂತ ಕೆಳಗೆ, ಮಧ್ಯಮ ಅಪಾಯದವರಿಗೆ 0.1ರಿಂದ 0.5. ನಿಮಗೆ ಇಟ್ಟ ಗುರಿ ಎಷ್ಟೆಂದು ನಿಮ್ಮ ವೈದ್ಯರನ್ನೇ ಕೇಳಿ. ಎದೆ ಡವಡವ, ಕೈ ನಡುಕ ಇದ್ದರೆ ಹೇಳಿ. ನೀವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ.

ತಮ್ಮ ಹೇಳಿದ್ದು ಸುಳ್ಳೇನಲ್ಲ. ಥೈರಾಯ್ಡ್ ವಿಚಿತ್ರ ಗ್ರಂಥಿ. ಹಾರ್ಮೋನ್ ತಯಾರಿಸಲು ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಬರುತ್ತಲ್ಲ, ಅದೇ! ಕೋಶ ಇದನ್ನು ತಾನೇ ಮಾಡಿಕೊಂಡು ಅಯೋಡಿನ್‌ ಅನ್ನು ಪ್ರೋಟೀನಿಗೆ ಅಂಟಿಸುತ್ತದೆ. ಒಲೆ ಮುಂದೆ ಕೂತವರಿಗೆ ಕಿಡಿ ಸಿಡಿದ ಹಾಗೆ ಡಿಎನ್‌ಎಗೂ ಆಗಾಗ ಏಟು ಬೀಳುತ್ತದೆ. ಅದರ ‘ಜಿ’ ಅಕ್ಷರಕ್ಕೆ ಆಕ್ಸಿಜನ್ ಮೆತ್ತಿಕೊಳ್ಳುತ್ತದೆ. ಹಾಳಾದ ತುಣುಕನ್ನು ಕೋಶ ಕಿತ್ತೆಸೆಯುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಆ ಕಸವನ್ನೇ 8-ಓಎಚ್‌ಡಿಜಿ ಎಂದು ಅಳೆಯುವುದು.

ಆದರೆ ಕಸ ಯಾವ ಮನೆಯದು ಅಂತ ಹೇಗೆ ಹೇಳುವುದು? ಸಿಗರೇಟು ಸೇದಿದರೂ, ಸಕ್ಕರೆ ಕಾಯಿಲೆ ಇದ್ದರೂ ಅದು ಏರುತ್ತದೆ. ರೇಡಿಯೋ ಅಯೋಡಿನ್ ಥೈರಾಯ್ಡ್ ಕೋಶಗಳನ್ನು ಕೊಂದದ್ದೇ ಡಿಎನ್‌ಎ ಮುರಿದು. ಆಗ ರಕ್ತದ ಬಿಳಿ ಕಣಗಳಿಗೂ ಸ್ವಲ್ಪ ಪೆಟ್ಟಾಗುತ್ತದೆ. ಸಂಶೋಧಕರಿಗೆ ಈ ಲೆಕ್ಕ ಬೇಕು. ನಿಮ್ಮ ರಿಪೋರ್ಟಿನಲ್ಲಿ ಜಾಸ್ತಿ ಬಂತು ಅಂತಿಟ್ಟುಕೊಳ್ಳಿ, ಅಷ್ಟರಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ಸುಮ್ನೆ ನಿದ್ದೆ ಕೆಡುತ್ತದೆ ಅಷ್ಟೇ.

ಆ ದುಡ್ಡನ್ನು ಥೈರೋಗ್ಲೋಬ್ಯುಲಿನ್ ಟೆಸ್ಟಿಗೆ ಇಟ್ಟುಕೊಳ್ಳಿ. ಅದು ಥೈರಾಯ್ಡ್ ಕೋಶಗಳು ಮಾತ್ರ ತಯಾರಿಸುವ ಪ್ರೋಟೀನ್. ಗ್ರಂಥಿ ತೆಗೆದ ಮೇಲೆ ಅದು ಏರುತ್ತಾ ಹೋದರೆ ನಾವು ಹುಡುಕಾಟ ಶುರು ಮಾಡುತ್ತೇವೆ. ಜೊತೆಗೆ ಅದರ ಆ್ಯಂಟಿಬಾಡಿಯನ್ನೂ ನೋಡಿಸಿ. ಆ್ಯಂಟಿಬಾಡಿ ಇದ್ದರೆ ಥೈರೋಗ್ಲೋಬ್ಯುಲಿನ್ ಸುಳ್ಳೇ ಕಡಿಮೆ ತೋರಿಸಬಹುದು. ಪ್ರತಿ ಸಲ ಒಂದೇ ಲ್ಯಾಬ್ ಆದರೆ ಒಳ್ಳೆಯದು. ಅಂದಹಾಗೆ, ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗ್ತಿಲ್ಲ ಅಲ್ವಾ? ಅದೂ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸಬಹುದು. ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ.