ರಾತ್ರಿ ಮೂರಕ್ಕೆ ಡಾಕ್ಟರಿಗೆ ಬ್ಲೀಪ್ ಮಾಡಲು ಹೆದರಿಕೆ

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿರುವ ನರ್ಸ್‌ಗಳ ಪ್ರಶ್ನೆಗಳಿಗೆ ಅಲ್ಲಿಯೇ ಹೊಸ ನರ್ಸ್‌ಗಳಿಗೆ ತರಬೇತಿ ಕೊಡುವ ಹಿರಿಯ ನರ್ಸ್ ಒಬ್ಬರ ಉತ್ತರ

ಪ್ರಶ್ನೆ: ಸಿಸ್ಟರ್, ನಾನು ಎಂಟು ವರ್ಷ ಐಸಿಯುನಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವಳು. ಹೊರದೇಶದ ನರ್ಸ್‌ಗಳು ಇಲ್ಲಿ ಕೊಡಬೇಕಾದ ಆಸ್ಕಿ ಪ್ರಾಯೋಗಿಕ ಪರೀಕ್ಷೆ ಪಾಸಾಗಿ, ಪಿನ್ (ನರ್ಸ್ ನೋಂದಣಿ ಸಂಖ್ಯೆ) ಬಂದು ಎರಡು ತಿಂಗಳಾಯಿತು. ಈಗ ಸರ್ಜಿಕಲ್ ವಾರ್ಡಿನಲ್ಲಿದ್ದೇನೆ. ನನಗೆ ಒಂದು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಲೂ ಬಿಡುವುದಿಲ್ಲ, ‘ಇನ್ನೂ ಸೈನ್ ಆಫ್ ಆಗಿಲ್ಲ’, ಅಂದರೆ ಈ ಕೆಲಸ ಬರುತ್ತದೆ ಅಂತ ಇಲ್ಲಿ ಯಾರೂ ಸಹಿ ಹಾಕಿಲ್ಲ ಅಂತಾರೆ. ಬೆಳಗಾದರೆ ರೋಗಿಗಳಿಗೆ ಮೈ ತೊಳೆಸುವುದೇ ಕೆಲಸ. ಮೊನ್ನೆ ರಾತ್ರಿ ಒಬ್ಬ ರೋಗಿಯ ಸ್ಕೋರ್ (ಸ್ಥಿತಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಅಂಕ) ಏರಿತು ಅಂತ ಡಾಕ್ಟರಿಗೆ ಬ್ಲೀಪ್ ಮಾಡಿದೆ, ಅಂದರೆ ಪೇಜರ್‌ನಲ್ಲಿ ಕರೆದೆ. ಎಲ್ಲಾ ರೀಡಿಂಗ್ ಹೇಳಿದೆ. ಅವರು ‘ನಾನೇನು ಮಾಡಬೇಕು ಅಂತೀರಿ?’ ಅಂದರು. ನನಗೆ ಬಾಯೇ ಬರಲಿಲ್ಲ. ಅವತ್ತಿನಿಂದ ಫೋನ್ ಎತ್ತಲು ಕೈ ನಡುಗುತ್ತದೆ. ನಾನು ನರ್ಸೋ ಟ್ರೈನಿಯೋ ಗೊತ್ತಾಗುತ್ತಿಲ್ಲ.

ಉತ್ತರ: ಫೋನಿನ ವಿಷಯ ಮೊದಲು ತಗೊಳ್ಳುತ್ತೇನೆ. ಅದರಲ್ಲಿ ರೋಗಿಯ ಜೀವ ಇದೆ.

ಆ ಡಾಕ್ಟರ್ ನಿಮ್ಮನ್ನು ಗದರಿಸಿದರು ಅಂತ ನನಗೆ ಅನ್ನಿಸುವುದಿಲ್ಲ. ಅವರು ಕೇಳಿದ್ದು ನಿಜವಾದ ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಒಬ್ಬ ಡಾಕ್ಟರ್ ಹಲವು ವಾರ್ಡು ನೋಡಿಕೊಳ್ಳುತ್ತಿರುತ್ತಾರೆ. ಅವರ ಕಣ್ಣೆದುರಿಗೆ ನಿಮ್ಮ ರೋಗಿ ಇಲ್ಲ, ನೀವಿದ್ದೀರಿ. ಈಗಲೇ ಓಡಿ ಬರಬೇಕಾ, ಅರ್ಧ ಗಂಟೆ ತಡೆಯಬಹುದಾ, ಫೋನಿನಲ್ಲೇ ಔಷಧಿ ವಿಷಯ ಮುಗಿಯುತ್ತದಾ? ಇದನ್ನು ಹೇಳಬಲ್ಲವರು ನೀವು ಮಾತ್ರ.

ಎಸ್‌ಬಾರ್ ಪದ್ಧತಿಯನ್ನು ಇಂಡಕ್ಷನ್‌ನಲ್ಲೇ ಹೇಳಿಕೊಟ್ಟಿರುತ್ತಾರೆ, ಅಲ್ವಾ? ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನನಗೆ ಏನು ಬೇಕು. ಇದು ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ಕೆಳಗಿನ ಹುದ್ದೆಯವರು ಮೇಲಿನವರಿಗೆ ಕೆಟ್ಟ ಸುದ್ದಿಯನ್ನು ಸುತ್ತಿ ಬಳಸದೆ ಹೇಳಬೇಕು, ಅದಕ್ಕೇ ಇದು ಇರುವುದು. ಮೊದಲ ಎರಡು ಭಾಗ ಎಲ್ಲರೂ ಚೆನ್ನಾಗಿ ಹೇಳುತ್ತಾರೆ. ಬೇರೆ ದೇಶದಲ್ಲಿ ಕಲಿತು ಬಂದವರು ಮೂರನೆಯದರಲ್ಲಿ ತಡವರಿಸುತ್ತಾರೆ. ನಾಲ್ಕನೆಯದನ್ನು ಬಾಯಿಗೇ ತರುವುದಿಲ್ಲ. ಡಾಕ್ಟರಿಗೆ ನಾವು ಹೇಳಿಕೊಡುವುದಾ ಅನ್ನುವ ಸಂಕೋಚ. ಮುಂಚೆ ಕೆಲಸ ಮಾಡಿದ ಕಡೆ ಅದು ಮರ್ಯಾದೆ ಆಗಿದ್ದಿರಬಹುದು. ಇಲ್ಲಿ ಅದರಿಂದ ರೋಗಿಗೆ ತೊಂದರೆ ಆಗುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಕರುಳಿನ ಆಪರೇಷನ್ ಆಗಿ ಎರಡನೇ ದಿನದ ರೋಗಿ, ವಯಸ್ಸು 68. ಉಸಿರು ನಿಮಿಷಕ್ಕೆ 22. ಆಕ್ಸಿಜನ್ ಹಚ್ಚದೆ ಸ್ಯಾಚುರೇಷನ್ 94. ಮೇಲಿನ ಬಿಪಿ 104. ನಾಡಿ 112. ಜ್ವರ 38.4. ಎಚ್ಚರವಾಗಿದ್ದಾರೆ, ಮಾತಾಡುತ್ತಿದ್ದಾರೆ. ಒಂದೊಂದನ್ನೇ ನೋಡಿದರೆ ಯಾವುದೂ ಎದೆ ಝಲ್ಲೆನ್ನುವಂಥದ್ದಲ್ಲ. ಐಸಿಯುನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ದಿನಾ ನೋಡಿದವರು ನೀವು. ಆದರೆ ರೋಗಿಯ ಸ್ಥಿತಿ ಕೆಡುವುದನ್ನು ಮೊದಲೇ ಗುರುತಿಸುವ ನ್ಯೂಸ್ 2 ಚಾರ್ಟಿನಲ್ಲಿ ಕೂಡಿಸಿ ನೋಡಿ: ಉಸಿರಿಗೆ 2, ಸ್ಯಾಚುರೇಷನ್‌ಗೆ 1, ಬಿಪಿಗೆ 1, ನಾಡಿಗೆ 2, ಜ್ವರಕ್ಕೆ 1. ಒಟ್ಟು 7. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಹೊರತಂದ ಈ ಚಾರ್ಟಿನ ಪ್ರಕಾರ 5 ಆದರೆ ಅರ್ಜೆಂಟ್, 7 ಆದರೆ ಅದಕ್ಕಿಂತ ಗಂಭೀರವಾದ ಎಮರ್ಜೆನ್ಸಿ. ಯಾವುದೇ ಒಂದಕ್ಕೇ 3 ಬಂದರೂ ಡಾಕ್ಟರ್ ಬೇಗ ಬಂದು ನೋಡಬೇಕು. ಹೊಸದಾಗಿ ಗೊಂದಲ ಶುರುವಾಗಿದ್ದರೆ ಅದಕ್ಕೆ ನೇರವಾಗಿ 3. ‘ವಯಸ್ಸಾದವರು, ರಾತ್ರಿ ಹೊತ್ತು ಏನೋ ಬಡಬಡಿಸುತ್ತಾರೆ’ ಅಂತ ಬಿಡುವಂತಿಲ್ಲ.

ಈಗ ಫೋನ್ ಎತ್ತಿ. ಚಾರ್ಟು, ಔಷಧಿ ಪಟ್ಟಿ ಎರಡೂ ಮುಂದಿರಲಿ. ‘ನಾನು ಇಂಥ ವಾರ್ಡಿನ ನರ್ಸ್, ಹೆಸರು ಇದು. ಬೆಡ್ 6ರ ರೋಗಿಯ ನ್ಯೂಸ್ ಸ್ಕೋರ್ 7 ಆಗಿದೆ. ಎರಡು ಗಂಟೆ ಹಿಂದೆ 2 ಇತ್ತು. ಕರುಳಿನ ಆಪರೇಷನ್ ಆಗಿ ಎರಡನೇ ದಿನ, ಪೆನಿಸಿಲಿನ್ ಅಲರ್ಜಿ ಇದೆ. ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹ ಕೆಡುವ ಸ್ಥಿತಿ) ಶುರುವಾಗಿದೆ ಅಂತ ನನ್ನ ಅನುಮಾನ. ಹೊಟ್ಟೆ ಬಿಗಿಯಾಗಿದೆ, ಮೂತ್ರ ಕಡಿಮೆಯಾಗಿದೆ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ಬ್ಲಡ್ ಕಲ್ಚರ್, ಲ್ಯಾಕ್ಟೇಟ್ ಕಳಿಸಲು ವ್ಯವಸ್ಥೆ ಮಾಡಲೇ? ಫ್ಲೂಯಿಡ್ ಬರೆದುಕೊಡುತ್ತೀರಾ?’ ಇಷ್ಟೇ. ಅವರು ಹೇಳಿದ್ದನ್ನು ನೀವು ತಿರುಗಿ ಓದಿ ಹೇಳಿ. ಸಮಯ ಮತ್ತು ಅವರ ಹೆಸರು ಬರೆದಿಡಿ. ಅವರ ಉಚ್ಚಾರಣೆ ಅರ್ಥ ಆಗದಿದ್ದರೆ ‘ಇನ್ನೊಂದು ಸಲ ಹೇಳಿ’ ಅನ್ನಿ. ಹದಿನೈದು ಅಂದರೋ ಐವತ್ತು ಅಂದರೋ ಅಂತ ಅನುಮಾನ ಬಂದಾಗ ಸುಮ್ಮನೆ ‘ಓಕೆ’ ಅಂದು ಫೋನ್ ಇಡಬಾರದು. ‘ಒಂದು, ಐದು’ ಅಂತ ಅಂಕಿಗಳನ್ನು ಬಿಡಿಸಿ ಕೇಳಿ.

ಅವರು ಬರಲಿಲ್ಲ ಅನ್ನಿ. ವಾರ್ಡ್ ಇನ್‌ಚಾರ್ಜ್‌ಗೆ ಹೇಳಿ, ಅವರಿಗಿಂತ ಮೇಲಿನ ಡಾಕ್ಟರ್ ಆದ ರಿಜಿಸ್ಟ್ರಾರ್‌ಗೆ ಬ್ಲೀಪ್ ಮಾಡಿ, ಸ್ಥಿತಿ ಕೆಟ್ಟ ರೋಗಿಗಳನ್ನು ವಾರ್ಡಿಗೇ ಬಂದು ನೋಡುವ ಕ್ರಿಟಿಕಲ್ ಕೇರ್ ಔಟ್‌ರೀಚ್ ತಂಡವನ್ನು ಕರೆಯಿರಿ. ರೋಗಿ ಕುಸಿಯುತ್ತಿದ್ದರೆ ಇದ್ಯಾವುದಕ್ಕೂ ಕಾಯದೆ ಆಸ್ಪತ್ರೆಯೊಳಗಿನ ಎಮರ್ಜೆನ್ಸಿ ನಂಬರ್ 2222 ಒತ್ತಿ. ಸ್ಕೋರ್ ಕಡಿಮೆ ಇದ್ದು ನಿಮ್ಮ ಮನಸ್ಸು ಮಾತ್ರ ‘ಏನೋ ಸರಿ ಇಲ್ಲ’ ಅನ್ನುತ್ತಿದ್ದರೂ ಕರೆಯಬಹುದು. 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಬೇಗ ಐಸಿಯುಗೆ ಸಾಗಿಸಿದ್ದರೆ ಬದುಕುವ ಸಾಧ್ಯತೆ ಇತ್ತು ಅಂತ ವಿಚಾರಣೆಯಲ್ಲಿ ಹೊರಬಂತು. ಅಪ್ಪ ಅಮ್ಮ ಆತಂಕ ಹೇಳಿಕೊಂಡಿದ್ದರು, ಅದಕ್ಕೆ ಬೆಲೆ ಸಿಗಲಿಲ್ಲ. ಆ ಹೆತ್ತವರ ಹೋರಾಟದಿಂದ ಬಂದ ಮಾರ್ಥಾಸ್ ರೂಲ್ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಜಾರಿಗೆ ಬರುತ್ತಿದೆ. ಬೇರೆ ತಂಡ ಬಂದು ರೋಗಿಯನ್ನು ನೋಡಲಿ ಅಂತ ಮನೆಯವರು ಕೇಳಬಹುದು. ಸಿಬ್ಬಂದಿಯೂ ಕೇಳಬಹುದು. ಅಂದರೆ ನೀವೂ.

ಇನ್ನು ಮೈ ತೊಳೆಸುವುದು. ಇದನ್ನು ಕೀಳು ಕೆಲಸ ಅಂದುಕೊಂಡು ಬೇಗ ಬೇಗ ಮುಗಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ರೋಗಿಯ ಇಡೀ ಮೈಯನ್ನು ನೀವು ಕಣ್ಣಾರೆ ನೋಡಲು ದಿನದಲ್ಲಿ ಸಿಗುವ ಹೊತ್ತು ಅದೊಂದೇ. ಮಗ್ಗುಲಿಗೆ ತಿರುಗಿಸಿದಾಗ ಸೊಂಟದ ಕೆಳಗಿನ ಮೂಳೆಯ ಹತ್ತಿರ, ಹಿಮ್ಮಡಿಯ ಹತ್ತಿರ ನೋಡಿ. ಕೆಂಪಗಿದ್ದರೆ ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಬೆಳ್ಳಗಾಗದಿದ್ದರೆ ಪ್ರೆಷರ್ ಅಲ್ಸರ್ ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಅಲ್ಲಿ ಕೈ ಇಟ್ಟು ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ನೋಯುತ್ತದಾ. ಒಂದು ಕಾಲಿನ ಮೀನಖಂಡ ಮಾತ್ರ ಊದಿದೆಯಾ? ಅಂಗಿ ಬಿಚ್ಚುವಷ್ಟರಲ್ಲಿ ಏದುಸಿರು ಬಂತಾ? ನಿನ್ನೆ ತಾನೇ ಮುಖ ಒರೆಸಿಕೊಂಡವರು ಇವತ್ತು ಬಟ್ಟೆ ಹಿಡಿಯಲೂ ಆಗದೆ ಕೂತಿದ್ದಾರಾ? ಡಾಕ್ಟರಿಗೆ ಫೋನಿನಲ್ಲಿ ‘ನನ್ನ ಅಂದಾಜು’ ಅಂತ ಹೇಳುವ ಮಾತು ಹುಟ್ಟುವುದು ಇಲ್ಲೇ. ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳ ಜೊತೆ ಸೇರಿ ಈ ಕೆಲಸ ಮಾಡಿ. ಅವರಲ್ಲಿ ಎಷ್ಟೋ ಜನ ಅದೇ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದವರು. ನಿಮ್ಮ ಜೊತೆ ಹಾಸಿಗೆ ಸರಿಪಡಿಸಿದವರು, ಮುಂದೆ ನೀವು ಒಂದು ಕೆಲಸ ಹೇಳಿದಾಗ ಮುಖ ತಿರುಗಿಸುವುದಿಲ್ಲ.

ಕ್ಯಾನುಲಾ ವಿಷಯದಲ್ಲಿ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಸಾವಿರಾರು ಸಲ ಮಾಡಿದ ಕೈಗೆ ‘ಬೇಡ’ ಅಂದರೆ ಯಾರಿಗಾದರೂ ಅವಮಾನ ಅನ್ನಿಸುತ್ತದೆ. ಆದರೆ ಇಲ್ಲಿ ಇದೇ ದೇಶದಲ್ಲಿ ಓದಿದ ನರ್ಸ್ ಬೇರೆ ಆಸ್ಪತ್ರೆಯಿಂದ ಬಂದರೂ ಎಷ್ಟೋ ಕಡೆ ಸರ್ಟಿಫಿಕೇಟ್ ತೋರಿಸಬೇಕು, ಇಲ್ಲವೇ ಮತ್ತೆ ಸೈನ್ ಆಫ್ ಆಗಬೇಕು. ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆ ನಿಮ್ಮ ಹಿಂದೆ ನಿಲ್ಲಲು ಆ ಸಹಿ ಬೇಕು. ಹಾಗಾಗಿ ಅವರು ಕರೆಯಲಿ ಅಂತ ಕಾಯಬೇಡಿ. ಐವಿ ಸ್ಟಡಿ ಡೇ (ಕ್ಯಾನುಲಾದಂಥ ಕೆಲಸದ ತರಬೇತಿ ದಿನ) ಯಾವಾಗ ಇದೆ ಅಂತ ಈ ವಾರವೇ ವಾರ್ಡ್ ಮ್ಯಾನೇಜರ್‌ಗೆ ಮೇಲ್ ಮಾಡಿ. ಸಹಿಗಳನ್ನು ಹಾಕಿಸಿಕೊಳ್ಳುವ ಕಾಂಪಿಟೆನ್ಸಿ ಬುಕ್ ಕೇಳಿ ತಗೊಳ್ಳಿ, ಪಾಳಿಗೆ ಹೋಗುವಾಗ ಅದು ನಿಮ್ಮ ಹತ್ತಿರ ಇರಲಿ. ನಿಮ್ಮ ಮುಂದೆ ಯಾರಾದರೂ ಕ್ಯಾನುಲಾ ಹಾಕಲು ಹೊರಟರೆ ‘ನಾನು ನಿಮ್ಮ ಎದುರಿಗೆ ಹಾಕಲಾ, ಸಹಿ ಮಾಡುತ್ತೀರಾ?’ ಅಂತ ಕೇಳಿ. ಸ್ಟಡಿ ಡೇ ಮುಗಿದ ಮೇಲೆ ಈ ಸಹಿಗಳು ಬೇಗ ತುಂಬುತ್ತವೆ. ಐಸಿಯುಗೆ ವಾಪಸ್ ಹೋಗುವ ಆಸೆ ಇದ್ದರೆ ಅದನ್ನೂ ಅಪ್ರೈಸಲ್‌ನಲ್ಲಿ ಬಾಯಿಬಿಟ್ಟು ಹೇಳಿ. ‘ನನ್ನ ಕೆಲಸ ನೋಡಿ ಅವರೇ ತಿಳಿದುಕೊಳ್ಳುತ್ತಾರೆ’ ಅಂತ ಕಾದು ವರ್ಷಗಳನ್ನು ಕಳೆದವರನ್ನು ನಾನು ತುಂಬ ನೋಡಿದ್ದೇನೆ.

ಪ್ರಶ್ನೆ: ಒಬ್ಬ ರೋಗಿ ನನ್ನನ್ನು ನೋಡಿ ‘ಇವಳು ಬೇಡ, ನಮ್ಮವರನ್ನು ಕಳಿಸಿ’ ಅಂದ. ಬಣ್ಣದ ಬಗ್ಗೆಯೂ ಮಾತಾಡಿದ. ಇನ್‌ಚಾರ್ಜ್ ಏನೂ ಹೇಳದೆ ನನ್ನನ್ನು ವಾರ್ಡಿನ ಬೇರೆ ಭಾಗಕ್ಕೆ ಹಾಕಿದರು. ಎಲ್ಲರೂ ‘ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಅನ್ನುತ್ತಾರೆ. ನಾನು ಏನು ಮಾಡಬೇಕಿತ್ತು?

ಉತ್ತರ: ನೀವು ಅಲ್ಲ, ಇನ್‌ಚಾರ್ಜ್ ಮಾಡಬೇಕಿತ್ತು. ಅವರು ಆ ರೋಗಿಯ ಹತ್ತಿರ ಹೋಗಿ ‘ಈ ಭಾಷೆ ಇಲ್ಲಿ ನಡೆಯುವುದಿಲ್ಲ’ ಅನ್ನಬೇಕಿತ್ತು. ನಿಮ್ಮನ್ನು ಸುಮ್ಮನೆ ಜಾಗ ಬದಲಾಯಿಸಿದರೆ ಆತನ ಮಾತೇ ಗೆದ್ದಂತಾಯಿತು.

ಒಂದನ್ನು ಮಾತ್ರ ಮೊದಲು ನೋಡಿ. ಡೆಲಿರಿಯಂ (ಕಾಯಿಲೆಯಿಂದ ಬಂದ ಗೊಂದಲ) ಅಥವಾ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರು ಆಡುವ ಮಾತು ಬೇರೆ, ಪೂರ್ತಿ ಎಚ್ಚರದಲ್ಲಿ ಆಡುವ ಮಾತು ಬೇರೆ. ಎರಡನೆಯದಾದರೆ ಅದು ನಿಂದನೆ. 2020ರ ಏಪ್ರಿಲ್‌ನಿಂದ ಜನಾಂಗದ ಹೆಸರಲ್ಲಿ ನಿಂದಿಸುವ ರೋಗಿಗೆ ತುರ್ತು ಅಲ್ಲದ ಚಿಕಿತ್ಸೆಯನ್ನು ನಿರಾಕರಿಸುವ ಅಧಿಕಾರ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳಿಗೆ ಇದೆ. ಘಟನೆಯನ್ನು ಅದೇ ಪಾಳಿಯಲ್ಲಿ ಡೇಟಿಕ್ಸ್‌ನಲ್ಲಿ, ಅಂದರೆ ನಿಮ್ಮ ಆಸ್ಪತ್ರೆಯ ಘಟನಾ ವರದಿ ವ್ಯವಸ್ಥೆಯಲ್ಲಿ ದಾಖಲಿಸಿ. ಆತ ಬಳಸಿದ ಪದಗಳನ್ನು ಇದ್ದ ಹಾಗೇ ಬರೆಯಿರಿ, ನಾಜೂಕು ಮಾಡಬೇಡಿ. ಮ್ಯಾನೇಜರ್ ಕಡೆಯಿಂದ ಏನೂ ಆಗದಿದ್ದರೆ ಸಿಬ್ಬಂದಿಯ ಆತಂಕ ಕೇಳಲೆಂದೇ ಇರುವ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಹತ್ತಿರ ಹೋಗಿ. ಎನ್‌ಎಚ್‌ಎಸ್ ಟ್ರಸ್ಟ್‌ಗಳಲ್ಲೆಲ್ಲ ಅಂಥವರು ಒಬ್ಬರು ಇರುತ್ತಾರೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ ಅನ್ನುವವರು ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ಆದರೆ ಅದು ಮನಸ್ಸಿಗೆ ಹತ್ತುವ ಮಾತೇ. ನಿಮಗೆ ನೋವಾಗಿದ್ದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ನಾನು ಒಂದು ಕೇರ್ ಹೋಮ್‌ನಲ್ಲಿ ನರ್ಸ್. ಬಿಟ್ಟು ಆಸ್ಪತ್ರೆಗೆ ಸೇರಬೇಕು ಅಂತಿದ್ದೇನೆ. ಆದರೆ ಬಿಟ್ಟರೆ ಸಾವಿರಾರು ಪೌಂಡ್ ಕಟ್ಟಬೇಕು, ವೀಸಾ ರದ್ದಾಗಿ ಮಾರನೇ ದಿನವೇ ದೇಶ ಬಿಡಬೇಕು ಅಂತ ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಮಾರನೇ ದಿನ ಅನ್ನುವುದು ಸುಳ್ಳು. ನೀವು ಕೆಲಸ ಬಿಟ್ಟಿದ್ದನ್ನು ಮಾಲೀಕರು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸುತ್ತಾರೆ. ಅಲ್ಲಿಂದ ನಿಮಗೆ ಪತ್ರ ಬರುತ್ತದೆ, ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ವೀಸಾದಲ್ಲಿ ಅದಕ್ಕಿಂತ ಕಡಿಮೆ ಉಳಿದಿದ್ದರೆ ಉಳಿದಷ್ಟೇ. ಆದರೂ ಆ ದಿನಗಳ ಮೇಲೆ ಭರವಸೆ ಇಡಬೇಡಿ. ಹೊಸ ಕೆಲಸದವರಿಂದ ಸ್ಪಾನ್ಸರ್‌ಶಿಪ್ ಪತ್ರ ಕೈಗೆ ಬರಲಿ, ವೀಸಾ ಬದಲಾವಣೆಗೆ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆಯೇ ಹೊಸ ಕಡೆ ಕೆಲಸ ಶುರು ಮಾಡಿ. ನಿಮ್ಮ ಪಿನ್ ನಿಮ್ಮದು. ಅದನ್ನು ಕೊಟ್ಟಿದ್ದು ನರ್ಸ್‌ಗಳ ನೋಂದಣಿ ಸಂಸ್ಥೆಯಾದ ಎನ್‌ಎಂಸಿ, ಕೆಲಸ ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ.

ಹಣದ ವಿಷಯ ಕಾಂಟ್ರಾಕ್ಟ್ ನೋಡದೆ ಹೇಳಲು ಬರುವುದಿಲ್ಲ. ಹಣ ವಾಪಸ್ ಕೇಳುವ ಷರತ್ತು ಇರಬಹುದು. ಆದರೆ ಇಂಗ್ಲೆಂಡಿನ ಅಂತರರಾಷ್ಟ್ರೀಯ ನೇಮಕಾತಿ ನೀತಿ ಸಂಹಿತೆಯ ಪ್ರಕಾರ ಅದು ಮೊದಲೇ ಸ್ಪಷ್ಟವಾಗಿ ತಿಳಿಸಿದ್ದಾಗಿರಬೇಕು, ನಿಜವಾಗಿ ಆದ ಖರ್ಚಿಗೆ ತಕ್ಕಂತಿರಬೇಕು. ಯಾವ ಖರ್ಚಿಗೆ ಎಷ್ಟು ಅಂತ ಒಂದೊಂದಾಗಿ ಬರೆದುಕೊಡಿ ಅಂತ ಕೇಳಿ. ಬಾಯಿ ಮಾತಿನಲ್ಲಿ ಬೇಡ, ಮೇಲ್‌ನಲ್ಲಿ ಕೇಳಿ. ಕೆಲಸ ಕೊಡಿಸಿದ್ದಕ್ಕೆ ಅಂತ ಇಲ್ಲಿಯ ಏಜೆನ್ಸಿ ನಿಮ್ಮಿಂದ ಶುಲ್ಕ ತಗೊಂಡಿದ್ದರೆ ಅದು 1973ರ ಎಂಪ್ಲಾಯ್‌ಮೆಂಟ್ ಏಜೆನ್ಸೀಸ್ ಕಾಯ್ದೆಗೆ ವಿರುದ್ಧ. ಪಾಸ್‌ಪೋರ್ಟ್ ಅವರ ಹತ್ತಿರ ಇದ್ದರೆ ಇವತ್ತೇ ವಾಪಸ್ ಕೇಳಿ, ಕೊಡದಿದ್ದರೆ ಪೊಲೀಸರ ಹತ್ತಿರ ಹೋಗಬಹುದು.

ರಾಜೀನಾಮೆ ಕೊಡುವ ಮೊದಲು ಕೆಲಸದ ತಕರಾರುಗಳಿಗೆ ಸಲಹೆ ಕೊಡುವ ಅಕಾಸ್ ಸಂಸ್ಥೆಯ ಉಚಿತ ಸಹಾಯವಾಣಿಗೆ ಫೋನ್ ಮಾಡಿ. ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅಥವಾ ಯೂನಿಸನ್ ಎಂಬ ಯೂನಿಯನ್‌ಗಳ ಸದಸ್ಯರಾಗಿದ್ದರೆ ಅವರಿಗೆ ಕಾಂಟ್ರಾಕ್ಟಿನ ಪ್ರತಿ ಕಳಿಸಿ. ಸದಸ್ಯರಾಗಿಲ್ಲದಿದ್ದರೆ ಈಗಲೇ ಆಗಿ. ಸೇರುವ ಮೊದಲೇ ಶುರುವಾದ ತಕರಾರನ್ನು ಯೂನಿಯನ್‌ನವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಈ ಪತ್ರ ಓದುತ್ತಿರುವ ಹೊಸಬರು, ತಕರಾರು ಏನೂ ಇಲ್ಲದಿದ್ದರೂ, ಮೊದಲ ತಿಂಗಳ ಸಂಬಳದಲ್ಲೇ ಸೇರಿಕೊಳ್ಳಿ.