ಮಡಿಲಲ್ಲಿ ಕೂರಿಸಿಕೊಂಡರೆ ಸಾಲದೇ?

ಪುಟ್ಟ ಮಕ್ಕಳೊಂದಿಗೆ ಪ್ರಯಾಣ ಮಾಡುವ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ತುಮಕೂರಿನ ಮಕ್ಕಳ ವೈದ್ಯರೊಬ್ಬರ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಮುಡಿ ಕೊಡಲು ಮುಂದಿನ ತಿಂಗಳು ತುಮಕೂರಿನಿಂದ ಧರ್ಮಸ್ಥಳಕ್ಕೆ ಬಾಡಿಗೆ ಕಾರಿನಲ್ಲಿ ಹೊರಡುವವರಿದ್ದೇವೆ. ತಿಪಟೂರು, ಅರಸೀಕೆರೆ, ಬೇಲೂರು ಮಾರ್ಗವಾಗಿ ಹೋಗಿ ಚಾರ್ಮಾಡಿ ಘಾಟಿ ಇಳಿಯಬೇಕು. ಘಾಟಿಯಲ್ಲಿ ಮಗು ವಾಂತಿ ಮಾಡಿಕೊಳ್ಳಬಹುದೆಂಬ ಭಯ ನನಗಿದೆ. ಶೀತದ ಸಿರಪ್ ಒಂದು ಚಮಚ ಕುಡಿಸಿದರೆ ದಾರಿಯುದ್ದಕ್ಕೂ ಮಲಗಿರುತ್ತಾಳೆ ಎನ್ನುವುದು ನಮ್ಮ ಯಜಮಾನರ ಸಲಹೆ. ಕಾರಿಗೆ ಮಕ್ಕಳ ಸೀಟು ಹಾಕಿಸೋಣವೆಂದರೆ, ‘ನನ್ನ ಮಡಿಲಿಗಿಂತ ಭದ್ರವಾದ ಜಾಗ ಇನ್ನೊಂದಿದೆಯೇ’ ಎಂದು ಅತ್ತೆಯವರು ಬೇಸರ ಪಟ್ಟುಕೊಳ್ಳುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ತುಮಕೂರು

ಉತ್ತರ: ಅತ್ತೆಯವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕೇಳಿರುವ ಮೂರು ವಿಷಯಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಅದೇ. ಅವರ ಅಕ್ಕರೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುತ್ತಿರುವ ಕಾರು ಯಾವುದಕ್ಕಾದರೂ ಗುದ್ದಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ, ಆ ಕ್ಷಣದಲ್ಲಿ 11 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು 200 ಕೆ.ಜಿ.ಯ ಮೂಟೆಯನ್ನು ತಡೆಯುವಷ್ಟು ಬಲ ಬೇಕಾಗುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ದಿನವಿಡೀ ಮೂಟೆ ಹೊರುವ ಹಮಾಲರಿಂದಲೂ ಆಗದ ಆ ಕೆಲಸವನ್ನು ಅಜ್ಜಿಯ ಎರಡು ಕೈಗಳು ಮಾಡಲಾರವು. ಅಜ್ಜಿ ಮೊಮ್ಮಗಳಿಬ್ಬರಿಗೂ ಒಂದೇ ಬೆಲ್ಟ್ ಸುತ್ತುವುದು ಇನ್ನೂ ಅಪಾಯಕಾರಿ, ಏಕೆಂದರೆ ಆಗ ಹಿಂದಿನಿಂದ ಬರುವ ಅಜ್ಜಿಯ ಭಾರವೆಲ್ಲ ಮಗುವಿನ ಮೇಲೆಯೇ ಬೀಳುತ್ತದೆ. ಮುಂದಿನ ಸೀಟಿನಲ್ಲಂತೂ ಮಗುವನ್ನು ಎತ್ತಿಕೊಂಡು ಕೂರಲೇಬಾರದು. ದೊಡ್ಡವರನ್ನು ಉಳಿಸುವ ಏರ್‌ಬ್ಯಾಗು ಅಷ್ಟು ಹತ್ತಿರದಲ್ಲಿರುವ ಮಗುವಿಗೆ ಮಾರಕವಾದೀತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನ ಭದ್ರತೆಯಿಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡವಿದೆ.

ಬಾಡಿಗೆ ಕಾರಿನಲ್ಲಿ ಮಕ್ಕಳ ಸೀಟು ಸಾಮಾನ್ಯವಾಗಿ ಇರುವುದಿಲ್ಲ. ನೆಂಟರಿಷ್ಟರಲ್ಲಿ ಯಾರ ಬಳಿಯಾದರೂ ಇದ್ದರೆ, ಅದು ಅಪಘಾತಕ್ಕೆ ಸಿಕ್ಕಿದ್ದಲ್ಲವೆಂದು ವಿಚಾರಿಸಿಕೊಂಡು, ಕೇಳಿ ತನ್ನಿ. ಹಿಂದಿನ ಸಾಲಿನಲ್ಲಿ ಕಾರಿನ ಬೆಲ್ಟಿನಿಂದಲೇ ಬಿಗಿಯಬಹುದಾದ ಸೀಟುಗಳಿವೆ. ಮಗುವಿನ ತೂಕ ಮತ್ತು ಎತ್ತರಕ್ಕೆ ಸೀಟಿನ ಮಿತಿ ಒಪ್ಪುವುದಾದರೆ, ಈ ವಯಸ್ಸಿನಲ್ಲಿ ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕೂರಿಸುವುದೇ ಮೇಲು. ಹೊರಡುವ ದಿನವೇ ಮೊದಲ ಬಾರಿಗೆ ಕಟ್ಟಿ ಕೂರಿಸಿದರೆ ಮಾತ್ರ ಮನೆಯವರೆಲ್ಲ ಸೋಲುವುದು ಖಚಿತ. ನನ್ನ ಮೊಮ್ಮಗ ಮೊದಲ ದಿನ ಬೆನ್ನನ್ನು ಬಿಲ್ಲಿನಂತೆ ಸೆಟೆದು, ಕ್ಯಾತ್ಸಂದ್ರ ದಾಟುವ ಮೊದಲೇ ಎರಡೂ ತೋಳುಗಳನ್ನು ಪಟ್ಟಿಯಿಂದ ಹೊರಗೆ ಎಳೆದುಕೊಂಡಿದ್ದ. ನಾವು ಗಾಡಿ ತಿರುಗಿಸಿ ಮನೆಗೆ ಬಂದೆವು. ಆಮೇಲೆ ಒಂದು ವಾರ ಆ ಸೀಟನ್ನು ನಡುಮನೆಯಲ್ಲಿಯೇ ಇಟ್ಟೆವು. ಮೊದಲು ಅವನ ಕರಡಿ ಬೊಂಬೆ ಕೂತಿತು, ಮರುದಿನ ಅವನು ಕೂತ, ಮೂರನೆಯ ದಿನ ಅಲ್ಲಿಯೇ ಕೂತು ಇಡ್ಲಿ ತಿಂದ. ಬಕಲ್ ಹಾಕುವ ಕೆಲಸವನ್ನು ಅತ್ತೆಯವರಿಗೇ ವಹಿಸಿ ನೋಡಿ. ಮಡಿಲು ತಪ್ಪಿದ ಬೇಸರ ಅರ್ಧ ಕರಗುತ್ತದೆ.

ಇನ್ನು ಸಿರಪ್ಪಿನ ಮಾತು: ಖಂಡಿತ ಬೇಡ. ಮಗುವನ್ನು ಮಲಗಿಸಲೆಂದು ಔಷಧ ಕುಡಿಸುವುದು ಚಿಕಿತ್ಸೆಯಲ್ಲ. ಶೀತದ ಸಿರಪ್ಪುಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಮುದ್ರಿಸುವಂತೆ ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿಯೇ ತಯಾರಕರಿಗೆ ಸೂಚಿಸಿದ್ದಾರೆ. ಎರಡು ವರ್ಷದೊಳಗಿನವರಿಗೆ ಕೆಮ್ಮು ಶೀತದ ಔಷಧವನ್ನು ಬರೆದುಕೊಡಲೇಬಾರದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ವೈದ್ಯರಿಗೂ ತಿಳಿಸಿದೆ. ಇದರ ಮೇಲೆ, ಕೆಲವು ಮಕ್ಕಳು ಇಂಥ ಔಷಧದಿಂದ ಮಲಗುವ ಬದಲು ಕೆರಳಿ ರಂಪ ಮಾಡುವುದೂ ಉಂಟು.

ಘಾಟಿಯ ವಾಂತಿಗೆ ನೀವು ಅಷ್ಟಾಗಿ ಅಂಜಬೇಕಾಗಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ ‘ನಾವು ತಿರುಗುತ್ತಿದ್ದೇವೆ’ ಎನ್ನುವಾಗ, ಎದುರಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುವ ಗೊಂದಲದಿಂದ ಪ್ರಯಾಣದ ವಾಂತಿ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಅಪರೂಪ, ಎರಡರಿಂದ ಹನ್ನೆರಡು ವರ್ಷದವರಲ್ಲಿ ಹೆಚ್ಚು. ನಿಮ್ಮ ಮಗಳ ವಯಸ್ಸಿನವರು ಕಕ್ಕುವುದು ಬಹುಮಟ್ಟಿಗೆ ಹೊರಡುವ ಮುನ್ನ ಒತ್ತಾಯದಿಂದ ಕುಡಿಸಿದ ದೊಡ್ಡ ಲೋಟದ ಹಾಲಿನಿಂದ, ಇಲ್ಲವೆ ಮುಚ್ಚಿದ ಕಾರಿನ ಸೆಕೆ ಮತ್ತು ವಾಸನೆಯಿಂದ. ಬೆಳಗಿನ ಜಾವ ಐದಕ್ಕೆ ಹೊರಟರೆ ತಿಪಟೂರಿನವರೆಗೆ ನಿದ್ದೆಯಲ್ಲಿಯೇ ಕಳೆಯುತ್ತಾಳೆ. ಅಲ್ಲಿ ಒಂದು ಇಡ್ಲಿ ತಿನ್ನಿಸಿ, ಬಳಿಕ ಒಂದೂವರೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಸೀಟಿನಿಂದ ಬಿಡಿಸಿ ಹತ್ತು ನಿಮಿಷ ನಡೆದಾಡಿಸಿ. ಘಾಟಿಗೆ ಮುನ್ನ ಕೊಟ್ಟಿಗೆಹಾರದಲ್ಲಿ ನಿಂತು ಅರ್ಧ ನೀರುದೋಸೆ ಕೊಡಿ, ಹಾಲು ಬೇಡ. ಇಳಿಯುವಾಗ ಕಿಟಕಿ ಸ್ವಲ್ಪ ತೆರೆದಿರಲಿ, ಮೊಬೈಲು ಚೀಲದೊಳಗಿರಲಿ. ಎತ್ತರ ಇಳಿದಂತೆ ಕಿವಿ ಕಟ್ಟಿ ನೋಯುವುದರಿಂದ ಆಗಾಗ ಗುಟುಕು ನೀರು ಕುಡಿಸುತ್ತಿದ್ದರೆ, ನುಂಗುವಾಗ ಕಿವಿ ತೆರೆದುಕೊಳ್ಳುತ್ತದೆ.

ಸುಮಾರು 800 ಮೀಟರ್ ಎತ್ತರದ ತುಮಕೂರಿನಲ್ಲಿ ಬೆಳೆದ ಮಗುವಿಗೆ ಘಟ್ಟದ ಕೆಳಗಿನ ಧಗೆ ಹೊಸದು. ಬೋಳಿಸಿದ ತಲೆಗೆ ತೆಳು ಹತ್ತಿಯ ಟೋಪಿ ಒಯ್ಯಿರಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣಗಳೂ ಎರಡು ಜೊತೆಗಿರಲಿ. ಭೇದಿಯಾದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣವನ್ನು ಬೆರೆಸಿ 24 ಗಂಟೆಯೊಳಗೆ ಬಳಸಬೇಕು. ಅಂದಾಜಿನಲ್ಲಿ ಲೋಟಕ್ಕೆ ಚಿಟಿಕೆ ಹಾಕಬಾರದು. ಆರೆಂಟು ಗಂಟೆ ಮೂತ್ರವಾಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ದರ್ಶನದ ಸಾಲು ಬಿಟ್ಟು ಆಸ್ಪತ್ರೆಗೆ ನಡೆಯಿರಿ.

ಪ್ರಶ್ನೆ: ಎರಡೂವರೆ ವರ್ಷದ ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಹೆಂಡತಿಯೊಂದಿಗೆ ಪ್ರತಿ ಭಾನುವಾರ ತುಮಕೂರಿನ ಮಾವನ ಮನೆಗೆ ಬೈಕಿನಲ್ಲಿ ಬರುತ್ತೇನೆ. ಇದು ತಪ್ಪೇ?
— ಒಬ್ಬ ಓದುಗ, ಕೊರಟಗೆರೆ

ಉತ್ತರ: ತಪ್ಪು. ಜೋರಾಗಿ ಬ್ರೇಕ್ ಹಾಕಿದರೆ ಮೊದಲು ಹ್ಯಾಂಡಲ್‌ಗೆ ಬಡಿಯುವುದು ಅವನ ಮುಖ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಸೇರಿಸಿ ಬಿಗಿಯುವ ಸುರಕ್ಷಾ ಪಟ್ಟಿಯಿರಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ತಲೆಗೆ ಸರಿಹೊಂದುವ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ನನ್ನನ್ನು ಕೇಳಿದರೆ, ಅಷ್ಟು ದೂರಕ್ಕೆ ಬಸ್ಸೇ ಒಳ್ಳೆಯದು. 2023ರ ಜೂನ್‌ನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಿಮ್ಮ ಹೆಂಡತಿಗೆ ಟಿಕೆಟ್ ಖರ್ಚೂ ಇಲ್ಲ.

ಪ್ರಶ್ನೆ: ನಾಲ್ಕೂವರೆ ಮತ್ತು ಮೂರು ವರ್ಷದ ಇಬ್ಬರು ಮಕ್ಕಳೊಂದಿಗೆ ತಿಪಟೂರಿನಿಂದ ರಾತ್ರಿ ರೈಲಿನಲ್ಲಿ ಬೆಳಗಾವಿಗೆ ಹೋಗಬೇಕು. ಮಕ್ಕಳಿಗೆ ಟಿಕೆಟ್ ಬೇಕೇ? ಬೇರೇನು ಎಚ್ಚರಿಕೆ ವಹಿಸಬೇಕು?
— ಒಬ್ಬ ಓದುಗಿ, ತಿಪಟೂರು

ಉತ್ತರ: ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಕಿಲ್ಲ, ಆದರೆ ಪ್ರತ್ಯೇಕ ಬರ್ತೂ ಸಿಗುವುದಿಲ್ಲ, ಬರ್ತ್ ಬೇಕೆಂದರೆ ದೊಡ್ಡವರ ಪೂರ್ತಿ ದರ ಕೊಡಬೇಕು. ಇಬ್ಬರನ್ನೂ ಒಂದೇ ಬರ್ತಿನಲ್ಲಿ ಪಕ್ಕಕ್ಕೆ ಹಾಕಿಕೊಂಡು ಇಡೀ ರಾತ್ರಿ ಕಳೆಯುವುದು ಆಗದ ಮಾತು. ದೊಡ್ಡವನಿಗಾದರೂ ಒಂದು ಕೆಳಗಿನ ಬರ್ತ್ ತೆಗೆದುಕೊಳ್ಳಿ. ನಿಮ್ಮ ನಿಲ್ದಾಣದಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ಮೊದಲು ಒಬ್ಬ ಹಿರಿಯರು ಹತ್ತಿ, ಮಕ್ಕಳನ್ನು ಕೈಗೆ ತೆಗೆದುಕೊಂಡು, ಸಾಮಾನನ್ನು ಕೊನೆಗೆ ಏರಿಸಲಿ. ಮಲಗುವಾಗ ಮಗು ಗೋಡೆಯ ಕಡೆ, ನೀವು ಹೊರಗಿನ ಕಡೆ.

ದಾರಿಯ ತಿಂಡಿಯ ಬಗ್ಗೆ ಒಂದು ಮಾತು. ತಿಪಟೂರಿನವರಿಗೆ ಕೊಬ್ಬರಿ ಬೇಡವೆನ್ನುವುದು ಕಷ್ಟವೇ, ಆದರೂ ಕೊಬ್ಬರಿ ಚೂರು, ಹುರಿದ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿಯನ್ನು ಅಲುಗಾಡುವ ಗಾಡಿಯಲ್ಲಿ ಈ ವಯಸ್ಸಿನವರ ಕೈಗೆ ಕೊಡಬೇಡಿ. ಅವು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿ, ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ, ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿ, ಮತ್ತೆ ಬೆನ್ನಿಗೆ ತಟ್ಟಿ. ಸಿಕ್ಕಿದ ಚೂರು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಿ ಕೆದಕಬೇಡಿ. ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.