ಸೈಕ್ಲಿಕ್ ಎಎಂಪಿ ಸೀರಮ್: ಟೈಟರ್ ಇದೆ, ಅಳತೆ ಬರ್ತಿಲ್ಲ

ಸೈಕ್ಲಿಕ್ ಎಎಂಪಿ (ಜೀವಕೋಶದೊಳಗಿನ ಪುಟ್ಟ ಸಂದೇಶವಾಹಕ ಅಣು) ಅಳೆಯಲೆಂದು ಅದನ್ನು ಆಲ್ಬುಮಿನ್ ಪ್ರೋಟೀನಿಗೆ ಕೂಡಿಸಿ ಮೊಲಕ್ಕೆ ಚುಚ್ಚಿ ಸೀರಮ್ ತೆಗೆದಿದ್ದೀರಿ; ಟೈಟರ್ (ಎಷ್ಟು ತೆಳು ಮಾಡಿದರೂ ಆಂಟಿಬಾಡಿ ಕಾಣುತ್ತದೆ ಎಂಬ ಅಳತೆ) ಚೆನ್ನಾಗಿದೆ. ಆದರೂ ಬಿಡಿ ಸೈಕ್ಲಿಕ್ ಎಎಂಪಿ ಹಾಕಿದಾಗ ಸಿಗ್ನಲ್ ಇಳಿಯುತ್ತಿಲ್ಲ ಅಂದರೆ, ನಿಮ್ಮ ಮೊಲದ ಆಂಟಿಬಾಡಿ ಬಹುಶಃ ಆ ಅಣುವನ್ನು ಹೊತ್ತ ಆಲ್ಬುಮಿನ್ ಅನ್ನೇ ಹಿಡಿಯುತ್ತಿದೆ. ಇಷ್ಟು ಪುಟ್ಟ ಅಣುವಿಗಿಂತ ಪ್ರೋಟೀನೇ ಮೊದಲು ಕಣ್ಣಿಗೆ ಬೀಳುತ್ತದೆ.

ಮೊದಲು ಓವಾಲ್ಬುಮಿನ್‌ಗೆ (ಮೊಟ್ಟೆಯ ಬಿಳಿಭಾಗದ ಬೇರೆಯೇ ಪ್ರೋಟೀನ್) ಕೂಡಿಸಿದ ಸೈಕ್ಲಿಕ್ ಎಎಂಪಿಯನ್ನು ಪ್ಲೇಟಿಗೆ ಹಚ್ಚಿ ನೋಡಿ. ಟೈಟರ್ ಪೂರ್ತಿ ಬಿದ್ದರೆ ಆ ಮೊಲವನ್ನು ಬಿಟ್ಟುಬಿಡಿ. ಸ್ವಲ್ಪ ಉಳಿದರೂ ಆಸೆಯಿದೆ: ಸೀರಮ್ ಇನ್ನಷ್ಟು ತೆಳು ಮಾಡಿ, ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ಮತ್ತು ಸ್ಯಾಂಪಲ್ ಎರಡನ್ನೂ ಅಸಿಟೈಲೇಟ್ ಮಾಡಿ, ಅಂದರೆ ಅಣುವಿಗೆ ಅಸಿಟೈಲ್ ಗುಂಪು ಸೇರಿಸಿ. ಟ್ರೈಈಥೈಲಮೀನ್ 2 ಪಾಲು, ಅಸಿಟಿಕ್ ಅನ್‌ಹೈಡ್ರೈಡ್ 1 ಪಾಲು. 200 ಮೈಕ್ರೋಲೀಟರ್ ದ್ರಾವಣಕ್ಕೆ ಈ ಮಿಶ್ರಣ 10 ಮೈಕ್ರೋಲೀಟರ್ ಸಾಕು, ಹಾಕಿದ ತಕ್ಷಣ ಅಲುಗಾಡಿಸಿ. ನೀವು ಮೊಲಕ್ಕೆ ಚುಚ್ಚಿದ್ದು ಸಕ್ಸಿನೈಲ್ ಗುಂಪು ಸೇರಿದ ಸೈಕ್ಲಿಕ್ ಎಎಂಪಿ ಅಲ್ವಾ? ಅಸಿಟೈಲ್ ಸೇರಿದ ಅಣು ಅದನ್ನೇ ಹೋಲುತ್ತದೆ, ಆಂಟಿಬಾಡಿ ಜಾಸ್ತಿ ಬಿಗಿಯಾಗಿ ಹಿಡಿಯುತ್ತದೆ.

ಸ್ಯಾಂಪಲ್‌ಗೆಂದು ಹೆಪ್ಪುಗಟ್ಟಿಸಿದ ಅಂಗಾಂಶವನ್ನು ಮಾತ್ರ ಕರಗಲು ಬಿಡಬೇಡಿ, ಕರಗಿದರೆ ಅದರಲ್ಲಿನ ಸೈಕ್ಲಿಕ್ ಎಎಂಪಿ ಪ್ರಮಾಣವೇ ಬದಲಾಗುತ್ತದೆ. ದ್ರವ ನೈಟ್ರೋಜನ್‌ನಲ್ಲೇ ಪುಡಿ ಮಾಡಿ, ನೇರ ತಣ್ಣನೆಯ ಆಮ್ಲಕ್ಕೆ ಹಾಕಿ.